ಮುಯ್ಯಾಳಿಗೆ ಮತ ಕೇಳಬಾರದು



ರೋಹಿಣಿ ಮಳೆಯ ಹೊತ್ತಿಗೆ ಹೊಲ ಹದಮಾಡಿಕೊಂಡು, ಮೃಗಶಿರಾ ಕೂಡಿದೊಡನೆ ಬಿತ್ತನೆಗೆ ಇಳಿಯುವುದು ನಮ್ಮ ಭಾಗದ ವಾಡಿಕೆ. ಮನೆಯ ಎತ್ತು, ಮನೆಯ ಆಳು ಸಾಲದೆ ಹೋದಾಗ ನೆರೆಯವರ ಹೊಲಕ್ಕೆ ನಾವು ಹೋಗುವುದು, ನಮ್ಮ ಹೊಲಕ್ಕೆ ಅವರು ಬರುವುದು ಹಿರಿಯರ ಕಾಲದಿಂದ ನಡೆದುಬಂದಿದೆ. ಇದಕ್ಕೆ ನಾವು ಮುಯ್ಯಿ ಎನ್ನುತ್ತೇವೆ. ಹೀಗೆ ಬಂದವನು ಮುಯ್ಯಾಳು. ಮರಾಠಿ ಮನೆಗಳಲ್ಲಿ ಇದನ್ನೇ ಸಾವಡ ಎನ್ನುತ್ತಾರೆ. ಊರಿನ ಹತ್ತಾರು ಜೋಡಿ ಎತ್ತುಗಳು ಒಬ್ಬನ ಹೊಲಕ್ಕೆ ಇಳಿದು, ಕೆಲಸ ಮುಗಿಸಿ, ಒಟ್ಟಿಗೆ ಉಂಡು ಹೋದರೆ ಅದು ಇರ್ಜಿಕ.

ಮೋಡ ತಲೆಯ ಮೇಲೆ ನಿಂತಿರುವಾಗ ಬಾಂದಿನ ಮೇಲೆ ಬಂದು ನಿಂತ ಮುಯ್ಯಾಳನ್ನು ‘ನಿನ್ನ ಮತ ಯಾವುದು?’ ಎಂದು ಕೇಳುವ ರೈತನನ್ನು ನಾವು ಕಂಡಿಲ್ಲ. ಲಿಂಗಾಯತರ ಹೊಲದಲ್ಲಿ ಮುಸಲ್ಮಾನರು, ಜೈನರ ಹೊಲದಲ್ಲಿ ಮರಾಠರು, ಬೌದ್ಧರ ಜೊತೆಗೆ ಕ್ರೈಸ್ತರು ಕೂಡಿ ದುಡಿದಿದ್ದೇವೆ. ಹಾಗಿದ್ದ ಮೇಲೆ ಹೊಲದಲ್ಲಿ ಇರುವ ಈ ಬುದ್ಧಿ ಊರಿಗೆ ಬಂದ ಕೂಡಲೇ ಎಲ್ಲಿ ಹೋಗುತ್ತದೆ? ಹೊಲದ ಮುಯ್ಯಿಯನ್ನು ಊರಿನ ಸೇವೆಗೂ ತರಬಾರದೇಕೆ? ಮಳೆಗಾಲದ ಬಾಗಿಲಲ್ಲಿ ನಿಂತು ಈ ತಿಂಗಳು ಇದನ್ನೇ ವಿಚಾರ ಮಾಡೋಣ.

ಹೊಳೆ ಊರೊಳಗೆ ಬಂದಾಗ

ಕರಾಡದಲ್ಲಿ ಕೊಯ್ನಾ ಕೃಷ್ಣೆಯನ್ನು ಕೂಡುತ್ತದೆ. ಸಾಂಗಲಿಯ ಪಕ್ಕದ ಹರಿಪುರದಲ್ಲಿ ವಾರಣಾ, ಇನ್ನೂ ಕೆಳಗೆ ನರಸೋಬವಾಡಿಯಲ್ಲಿ ಪಂಚಗಂಗಾ ಬಂದು ಕೂಡುತ್ತವೆ. ಇವೆಲ್ಲ ಒಂದೇ ಹೊತ್ತಿಗೆ ತುಂಬಿ ಬಂದರೆ ನೀರಿಗೆ ಮುಂದೆ ಸರಿಯಲು ದಾರಿ ಸಾಲದೆ ಅದು ಹೊಲ, ಗದ್ದೆ, ಓಣಿಗಳತ್ತ ತಿರುಗುತ್ತದೆ. ಸಾಂಗಲಿಯ ಐರ್ವಿನ್ ಸೇತುವೆಯ ಬಳಿ 40 ಅಡಿ ಎಂದರೆ ಎಚ್ಚರಿಕೆ, 45 ಅಡಿ ಎಂದರೆ ಅಪಾಯ. 2019ರ ಆಗಸ್ಟ್ ತಿಂಗಳಲ್ಲಿ, ಆಶ್ಲೇಷಾ ಮಳೆಯಲ್ಲಿ, ಆ ಗುರುತಿನ ಮೇಲೆ ನೀರು 57 ಅಡಿಯನ್ನೂ ದಾಟಿತು. ಅದಕ್ಕೂ ಮೊದಲು 2005ರಲ್ಲಿ ಮಹಾಪೂರ ಬಂದಿತ್ತು. 2021ರ ಜುಲೈಯಲ್ಲಿ ಹೊಳೆ ಮತ್ತೊಮ್ಮೆ ಅಪಾಯದ ಗುರುತನ್ನು ಮೀರಿ ಹರಿಯಿತು.

2019ರ ಆಗಸ್ಟ್ 8ರಂದು ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಪೂರದಿಂದ ಜನರನ್ನು ಪಾರುಮಾಡಿ ತರುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಆ ಸುದ್ದಿ ಕೇಳಿ ಇಡೀ ಜಿಲ್ಲೆ ಮರುಗಿತು. ಹಗ್ಗ, ಟ್ಯೂಬು, ದೋಣಿ, ಟ್ರ್ಯಾಕ್ಟರು ಹಿಡಿದು ನೀರಿಗೆ ಇಳಿದ ಹುಡುಗರು ಯಾವ ಓಣಿಯವರು ಎಂದು ಆಗ ಯಾರೂ ಕೇಳಲಿಲ್ಲ. ಶಾಲೆ, ಮಂಗಲ ಕಾರ್ಯಾಲಯ, ಗುಡಿ, ಮಸೀದಿ, ಎಲ್ಲಿ ಒಣ ನೆಲವಿತ್ತೋ ಅಲ್ಲಿ ಜನ ಮಲಗಿದರು. ಆ ವರ್ಷ ಬಕ್ರೀದ್ ಹಬ್ಬ ಆಗಸ್ಟ್ 12ಕ್ಕೆ ಬಂದಿತ್ತು. ಕುರ್ಬಾನಿಗೆಂದು ಕೂಡಿಟ್ಟ ಹಣವನ್ನು ಪೂರಪೀಡಿತರಿಗೆ ಕೊಡೋಣ ಎಂಬ ಕರೆ ಕೇಳಿಬಂದು, ಅನೇಕ ಮುಸ್ಲಿಂ ಕುಟುಂಬಗಳು ಹಾಗೆಯೇ ಮಾಡಿದವು. ಮುಂದೆ ಸೆಪ್ಟೆಂಬರಿನಲ್ಲಿ ಗಣೇಶ ಚೌತಿ ಬಂದಾಗ ಅನೇಕ ಮಂಡಳಗಳು ಆಡಂಬರ ಕಡಿಮೆ ಮಾಡಿ ಆ ಹಣವನ್ನು ನೆರವಿಗೆ ತೆಗೆದಿಟ್ಟವು.

1998ರಿಂದ ನಮ್ಮ ಕುಪವಾಡ ಸಾಂಗಲಿ, ಮಿರಜಗಳೊಂದಿಗೆ ಒಂದೇ ಮಹಾನಗರಪಾಲಿಕೆಗೆ ಸೇರಿದೆ. ಆದರೆ ನಾವು ಹೊಳೆಯ ದಂಡೆಯಿಂದ ದೂರ ಇದ್ದೇವೆ. ಆದ್ದರಿಂದ ಪೂರ ಬಂದಾಗ ನಮ್ಮ ಪಾಲಿಗೆ ಬರುವುದು ಓಡುವ ಕೆಲಸವಲ್ಲ, ಓಡಿ ಬಂದವರಿಗೆ ಬಾಗಿಲು ತೆರೆಯುವ ಕೆಲಸ. ಕಾರಖಾನೆಗಳ ಕೆಲಸಕ್ಕೆ ಬೇರೆ ಬೇರೆ ಜಿಲ್ಲೆ, ರಾಜ್ಯಗಳಿಂದ ಬಂದು ನೆಲೆಸಿದವರು ಇಲ್ಲಿ ಬಹಳ. ಕನ್ನಡ, ಮರಾಠಿ, ಉರ್ದು, ಹಿಂದಿ ಎಲ್ಲ ಒಂದೇ ನಲ್ಲಿಯ ಮುಂದೆ ಕೇಳಿಸುತ್ತವೆ. ಇಂಥ ಊರಿನಲ್ಲಿ ಕೂಡಿ ಸೇವೆ ಮಾಡುವುದು ಕಲಿಯದೆ ಬೇರೆಲ್ಲಿ ಕಲಿಯುವುದು?

ಈ ನೆಲದ ಹಳೆಯ ಪಾಠಗಳು

ಇದು ಹೊಸ ಮಾತಲ್ಲ. ಮಿರಜದ ಆಸ್ಪತ್ರೆಯ ಕಥೆ ನಮ್ಮ ಅಜ್ಜ-ಅಜ್ಜಿಯರಿಗೆಲ್ಲ ಗೊತ್ತಿತ್ತು. ಕೆನಡಾದಲ್ಲಿ ಹುಟ್ಟಿದ ಡಾಕ್ಟರ್ ವಿಲಿಯಂ ಜೇಮ್ಸ್ ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಅವರು ಪ್ರೆಸ್ಬಿಟೇರಿಯನ್ ಸಭೆಯವರು. ನಮ್ಮ ಕಥೋಲಿಕ ಧರ್ಮಸಭೆಯವರಲ್ಲ. ಆದರೆ ಅವರ ಬಾಗಿಲಿಗೆ ಬಂದ ರೋಗಿಗಳು ಎಲ್ಲ ಮತದವರು. ಬೆಳಗಾವಿ, ವಿಜಯಪುರಗಳ ಕಡೆಯಿಂದಲೂ ಜನ ಮಿರಜಕ್ಕೆ ಔಷಧಕ್ಕೆಂದು ಬರುತ್ತಿದ್ದರು. ಸಾಂಗಲಿ-ಮಿರಜ ದಾರಿಯಲ್ಲಿರುವ ವಾನ್ಲೆಸ್‌ವಾಡಿ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಕ್ಷಯರೋಗಿಗಳನ್ನು ಮನೆಯವರೇ ದೂರ ಇಡುತ್ತಿದ್ದ ಕಾಲದಲ್ಲಿ ಅವರಿಗೆಂದು ಅಲ್ಲಿ ಆರೋಗ್ಯಧಾಮ ನಡೆಯಿತು.

ಅದೇ ಮಿರಜದಲ್ಲಿ ಮೀರಾಸಾಹೇಬರ ದರ್ಗಾ ಇದೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡ ಮೇಲೆ ಅವರನ್ನು ಅಲ್ಲಿಯೇ ಮಣ್ಣು ಮಾಡಲಾಯಿತು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಉರುಸಿನಲ್ಲಿ ನಡೆಯುವ ಸಂಗೀತಸೇವೆಗೆ ಹಾಡುವವರೂ ಕೇಳುವವರೂ ಎಲ್ಲ ಮತದವರು.

ಕೃಷ್ಣಾ-ಪಂಚಗಂಗೆಯರು ಕೂಡುವ ಕಡೆಯ ಕುರುಂದವಾಡದಲ್ಲಿ ಐದು ಮಸೀದಿಗಳೊಳಗೆ ಗಣಪತಿಯನ್ನು ಕೂಡ್ರಿಸುವ ಪದ್ಧತಿ ಇದೆ. ಮೊಹರಮ್ ಹಾಗೂ ಗಣೇಶ ಹಬ್ಬ ಒಟ್ಟಿಗೆ ಬಂದ ವರ್ಷಗಳಲ್ಲಿ ಪಂಜಾ ಮತ್ತು ಗಣಪತಿ ಅಕ್ಕಪಕ್ಕದಲ್ಲಿ ಕೂಡುತ್ತವೆ. ವಾಳವಾ ತಾಲೂಕಿನ ಗೋಟಖಿಂಡಿಯಲ್ಲೂ ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ಹೀಗೆಯೇ ನಡೆದಿದೆ. ಅಲ್ಲಿ ಇದು ಶುರುವಾದದ್ದು ಜೋರು ಮಳೆಯಿಂದಾಗಿ ಎಂದು ಹೇಳುತ್ತಾರೆ. ಬಯಲಿನಲ್ಲಿ ನೆನೆಯುತ್ತಿದ್ದ ಮೂರ್ತಿಯನ್ನು ಮಸೀದಿಯೊಳಗೆ ತಂದಿಡಿ ಎಂದು ಮುಸ್ಲಿಂ ನೆರೆಹೊರೆಯವರೇ ಹೇಳಿದರಂತೆ. ನೋಡಿ, ಮಳೆ ಬಂದಾಗ ಸೂರು ಕೊಡುವುದು ಎಷ್ಟು ಸಣ್ಣ ಮಾತು! ಆದರೆ ಅದರಿಂದ ಎಷ್ಟು ವರ್ಷದ ನಂಟು ಬೆಳೆಯಿತು!

ಮಿರಜದಿಂದ ಒಂದು ತಾಸಿನ ಹಾದಿಯ ಇಚಲಕರಂಜಿಯಲ್ಲಿ 2020ರ ಕೊರೋನಾ ಕಾಲದಲ್ಲಿ ನಡೆದದ್ದನ್ನೂ ನೆನೆಯಬೇಕು. ರಮ್ಜಾನ್ ತಿಂಗಳಲ್ಲಿ ಮುಸಲ್ಮಾನರು ತಮ್ಮ ಗಳಿಕೆಯ ಒಂದು ಪಾಲನ್ನು ಝಕಾತ್ ಎಂದು ಬಡವರಿಗಾಗಿ ತೆಗೆಯುತ್ತಾರೆ. ನೇಕಾರರ ಆ ಊರಿನ ಮುಸ್ಲಿಂ ಸಮಾಜದವರು ಹಬ್ಬದ ಖರ್ಚು ಹಿಡಿದು, ಹೀಗೆ ಕೂಡಿಸಿದ ಸುಮಾರು 36 ಲಕ್ಷ ರೂಪಾಯಿಗಳಿಂದ ಊರಿನ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆಗೆ 10 ಹಾಸಿಗೆಗಳ ತೀವ್ರ ನಿಗಾ ಘಟಕವನ್ನು ಕಟ್ಟಿಕೊಟ್ಟರು. ಆ ಹಾಸಿಗೆಗಳ ಮೇಲೆ ಯಾವ ಮತದ ರೋಗಿ ಮಲಗಬೇಕು ಎಂಬ ಷರತ್ತು ಇರಲಿಲ್ಲ.

ಹಾಗೆಂದು ನಮ್ಮ ಭಾಗದಲ್ಲಿ ಎಲ್ಲವೂ ಒಳ್ಳೆಯದೇ ನಡೆದಿದೆ ಎಂದು ಹೇಳಿದರೆ ಸುಳ್ಳಾದೀತು. 2009ರ ಗಣೇಶೋತ್ಸವದ ಹೊತ್ತಿಗೆ ಒಂದು ಕಮಾನಿನ ಚಿತ್ರದ ವಿಷಯವಾಗಿ ಮಿರಜದಲ್ಲಿ ಗಲಭೆ ಎದ್ದು ಕರ್ಫ್ಯೂ ಹಾಕಬೇಕಾಯಿತು. ಸಂತೆ ನಿಂತರೆ, ಬಸ್ಸು ನಿಂತರೆ ಮೊದಲು ಕೆಡುವುದು ರೈತನ ತರಕಾರಿ, ರೈತನ ಹಾಲು. ಗಲಭೆಯ ದಿನ ಕೂಲಿ ಸಿಗದ ಮನೆಯಲ್ಲಿ ಎಲ್ಲ ಮತದ ಮಕ್ಕಳೂ ಹಸಿದೇ ಮಲಗುತ್ತಾರೆ. ಬೆಂಕಿ ಹತ್ತಿದ ಮೇಲೆ ಶಾಂತಿ ಸಮಿತಿಯಲ್ಲಿ ಕೂಡುವುದಕ್ಕಿಂತ, ಅದಕ್ಕೂ ಮೊದಲೇ ಒಟ್ಟಿಗೆ ಬಾವಿ ತೊಳೆದವರಾಗಿದ್ದರೆ ಒಬ್ಬರ ಮನೆಯ ಬಾಗಿಲನ್ನು ಇನ್ನೊಬ್ಬರು ಬಡಿಯುವುದು ಸುಲಭವಾಗುತ್ತದೆ.

ದಯೆ ಇದ್ದರೆ ಸಾಲದು, ನ್ಯಾಯವೂ ಬೇಕು

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಪೂರ ಬಂದ ವಾರ ಎಲ್ಲರ ಮನಸ್ಸೂ ಮೆತ್ತಗಾಗಿರುತ್ತದೆ. ಚಪಾತಿ, ಹಾಸಿಗೆ, ಸೀರೆ ರಾಶಿ ರಾಶಿ ಬರುತ್ತವೆ. ಆದರೆ ನೀರು ಇಳಿದ ಮೇಲೆ ಏನಾಗುತ್ತದೆ? ತಲಾಠಿಯವರು ಪಂಚನಾಮೆಗೆ ಬರುತ್ತಾರೆ. ಬೆಳೆಹಾನಿಯ ಪರಿಹಾರ ಸಾತಬಾರಾ ಉತಾರೆಯಲ್ಲಿ ಯಾರ ಹೆಸರಿದೆಯೋ ಅವರಿಗೆ ಸಿಗುತ್ತದೆ. ಬರಹದ ಕರಾರಿಲ್ಲದೆ, ಬಾಯಿಮಾತಿನ ಮೇಲೆ ಪಾಲಿಗೆ ಹೊಲ ಮಾಡಿದವನು ಬೀಜ, ಗೊಬ್ಬರದ ಸಾಲ ಹೊತ್ತುಕೊಂಡು ನಿಲ್ಲುತ್ತಾನೆ. ಕಬ್ಬಿನ ಹೊಲದಲ್ಲಿ ಕಳೆ ತೆಗೆದು ಬದುಕುವ ಹೆಣ್ಣುಮಗಳಿಗೆ ಹೊಲವೂ ಇಲ್ಲ, ಪೂರದ ನಂತರ ಎರಡು-ಮೂರು ತಿಂಗಳು ಕೂಲಿಯೂ ಇಲ್ಲ. ಬಾಡಿಗೆ ಕೋಣೆಯಲ್ಲಿದ್ದ ಕಾರ್ಮಿಕನ ಪಾತ್ರೆ-ಪಡಗ ಕೊಚ್ಚಿಹೋದರೆ ಪಟ್ಟಿಯಲ್ಲಿ ಅವನ ಹೆಸರು ಸೇರುವುದು ಕಷ್ಟ. ರೇಷನ್ ಕಾರ್ಡು ಅವನ ಊರಿನಲ್ಲಿರುತ್ತದೆ.

ಪಟ್ಟಿ ಮಾಡುವವರು ಒಂದೇ ಓಣಿಯವರಾಗಿದ್ದರೆ ಆ ಓಣಿಯ ಹೆಸರುಗಳೇ ಮೊದಲು ಬರುತ್ತವೆ. ಬೇಕೆಂದೇ ಮಾಡಿದ ಮೋಸವಾಗಿರಲಿಕ್ಕಿಲ್ಲ. ತಮಗೆ ಗೊತ್ತಿರುವ ಮನೆಗಳಷ್ಟನ್ನೇ ಬರೆಯುತ್ತಾರೆ. ಇಲ್ಲಿಯೇ ಸರ್ವಧರ್ಮದ ಸ್ವಯಂಸೇವಕರ ತಂಡದ ಬೆಲೆ ತಿಳಿಯುತ್ತದೆ. ಒಬ್ಬರು ಮಸೀದಿ ಓಣಿಯವರು, ಒಬ್ಬರು ಬಸದಿಯ ಕಡೆಯವರು, ಒಬ್ಬರು ಬುದ್ಧವಿಹಾರದವರು, ಒಬ್ಬರು ನಮ್ಮ ದೇವಾಲಯದವರು ಕೂಡಿ ಮನೆಮನೆಗೆ ಹೋದರೆ ಯಾವ ಮನೆಯೂ ತಪ್ಪುವುದಿಲ್ಲ. ಮತ್ತು ಆ ಪಟ್ಟಿಯ ಮೇಲೆ ಅನುಮಾನ ಪಡುವವರೂ ಕಡಿಮೆ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಖಾನಾಪುರ ತಾಲೂಕಿನಲ್ಲಿ ಯೇರಳಾ ಹೊಳೆ ಹರಿಯುತ್ತದೆ. 1980ರ ದಶಕದಲ್ಲಿ ಅಲ್ಲಿ ಬರದ ಮೇಲೆ ಬರ ಬಂದಿತ್ತು. ಮುಂಬಯಿಯ ಗಿರಣಿಗಳ 1982ರ ಮುಷ್ಕರದಿಂದ ಕೆಲಸ ಹೋದವರು ಊರಿಗೆ ಮರಳಿ ಬಂದಿದ್ದರು. ಗುತ್ತಿಗೆದಾರರು ಹೊಳೆಯ ಉಸುಕನ್ನು ಬಳಿದು ಒಯ್ಯುತ್ತಿದ್ದುದರಿಂದ ಬಾವಿಗಳು ಬತ್ತುತ್ತಿದ್ದವು. ಆಗ ಬಲವಡಿ ಮತ್ತು ತಾಂದುಳವಾಡಿಯ ಜನ ಮುಕ್ತಿ ಸಂಘರ್ಷ ಎಂಬ ಚಳವಳಿಯಲ್ಲಿ ಕೂಡಿ, ಊರಿನ ಉಸುಕಿನ ಮೇಲೆ ಊರಿಗೇ ಹಕ್ಕು ಎಂದರು. ಸ್ವಲ್ಪ ಉಸುಕು ಮಾರಿ ಬಂದ ಹಣ, ತಮ್ಮ ರಟ್ಟೆಯ ಬಲ, ಹೊರಗಿನಿಂದ ಬಂದ ವಿದ್ಯಾರ್ಥಿಗಳ ಶ್ರಮದಾನ ಇವುಗಳಿಂದ ಬಳೀರಾಜಾ ಸ್ಮೃತಿ ಎಂಬ ಅಣೆಕಟ್ಟನ್ನು ಕಟ್ಟಿದರು. ಆದರೆ ಕಟ್ಟಿದ್ದಕ್ಕಿಂತ ದೊಡ್ಡದು ಅವರು ಇಟ್ಟುಕೊಂಡ ನೇಮ: ನೀರು ಹೊಲ ಇದ್ದವರಿಗಷ್ಟೇ ಅಲ್ಲ, ಭೂಮಿ ಇಲ್ಲದ ಮನೆಗಳಿಗೂ ಅದರಲ್ಲಿ ಪಾಲಿದೆ, ಹೆಚ್ಚು ನೀರು ಕುಡಿಯುವ ಕಬ್ಬಿಗೆ ಈ ನೀರಿಲ್ಲ. ಹೊಲ ಇಲ್ಲದವನಿಗೆ ನೀರೇಕೆ ಎಂದು ನಗಬೇಡಿ. ನೀರಿನ ಪಾಲು ಕೈಯಲ್ಲಿದ್ದರೆ ಅವನು ಪಾಲಿಗೆ ಹೊಲ ಮಾಡುವಾಗ ತಲೆಯೆತ್ತಿ ಮಾತಾಡಬಹುದು.

ಇದೇ ಮಾತನ್ನು ನಮ್ಮ ಧರ್ಮಸಭೆಯ ಒಬ್ಬ ಗುರುಗಳೂ ಕೆಲಸದಿಂದ ತೋರಿಸಿದರು. ಸ್ವಿಟ್ಜರ್ಲೆಂಡಿನಿಂದ ಬಂದ ಯೇಸುಸಭೆಯ ಗುರು ಹರ್ಮನ್ ಬಾಕರ್ ಅವರು ಅಹಮದನಗರದ ಕಡೆಯ ಬರಡು ಗುಡ್ಡಗಳಲ್ಲಿ ರೈತರನ್ನು ಕೂಡಿಸಿ ಜಲಾನಯನದ ಕೆಲಸಕ್ಕೆ ಹಚ್ಚಿದರು. ಭಾರತ-ಜರ್ಮನಿಯ ಆ ಯೋಜನೆಯಲ್ಲಿ ಊರವರು ಒಂದು ಪಾಲು ಕೂಲಿಯನ್ನು ಶ್ರಮದಾನವಾಗಿ ಕೊಡಬೇಕಿತ್ತು. ಆದರೆ ಭೂಮಿ ಇಲ್ಲದವರಿಗೆ ಇದರಿಂದ ವಿನಾಯಿತಿ ಇತ್ತು. ಬದು ಹಾಕಿದರೆ ಲಾಭ ಹೊಲದವನಿಗೆ. ಹೊಲವಿಲ್ಲದವನಿಂದ ಪುಕ್ಕಟೆ ದುಡಿಸಿಕೊಂಡರೆ ಅದು ಶ್ರಮದಾನವಲ್ಲ, ಬಿಟ್ಟಿ ಚಾಕರಿ. ಸೇವೆಗೆ ಕರೆಯುವ ಮುನ್ನ ಲಾಭ ಯಾರಿಗೆ, ಭಾರ ಯಾರಿಗೆ ಎಂದು ಕೇಳಿಕೊಳ್ಳಬೇಕೆಂಬುದನ್ನು ಈ ಎರಡು ಉದಾಹರಣೆಗಳು ಕಲಿಸುತ್ತವೆ.

ಕೆಲವರ ಸಂದೇಹಗಳು

ಒಬ್ಬ ಅಣ್ಣ ಕೇಳಬಹುದು: ‘ನಾವಿಲ್ಲಿ ಇರೂದ ನಾಕು ಮನಿ ಮಂದಿ. ನಮ್ಮವ್ರಿಗೆ ಮಾಡೂದು ಬಿಟ್ಟು ಊರ ಉಸಾಬರಿ ನಮಗ್ಯಾಕ್ರಿ?’

ಅಣ್ಣಾ, ಇಲಿಜ್ವರಕ್ಕೆ ಓಣಿಯ ಗಡಿ ಗೊತ್ತಿಲ್ಲ. ಪಕ್ಕದ ಓಣಿಯ ಬಾವಿ ಕೆಟ್ಟರೆ ವಾಂತಿಭೇದಿ ನಮ್ಮ ಮನೆಗೂ ಬರುತ್ತದೆ. ಮೇಲಿನ ಹೊಲದವನು ಬಸಿಗಾಲುವೆ ತೆಗೆಯದಿದ್ದರೆ ಕೆಳಗಿನ ಹೊಲ ಜವಳಾಗುತ್ತದೆ. ಕೃಷಿ, ಆರೋಗ್ಯ ಎರಡರಲ್ಲೂ ‘ನಮ್ಮವರು’ ಎಂಬ ಗೆರೆ ಎಳೆಯಲು ಬರುವುದಿಲ್ಲ.

ಇನ್ನೊಬ್ಬ ಅಕ್ಕ ಕೇಳಬಹುದು: ‘ಎಲ್ಲಾರ ಕೂಡ ಕೂಡಿದ್ರ ನಮ್ಮ ವಿಶ್ವಾಸ ಸಡ್ಲ ಆಗೂದಿಲ್ಲೇನ್ರಿ?’

ಅಕ್ಕಾ, ಯೇಸುಸ್ವಾಮಿ ಹೇಳಿದ ಒಳ್ಳೆಯ ಸಮಾರ್ಯದವನ ಸಾಮತಿಯನ್ನು ನೆನಪಿಸಿಕೊಳ್ಳಿ. ಗಾಯಗೊಂಡವನನ್ನು ಎತ್ತಿದವನು ಅವನ ಜನದವನಲ್ಲ, ಅವನ ಗುಡಿಯವನಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ ಅನ್ಯಧರ್ಮೀಯರೊಂದಿಗೆ ಮಾತುಕತೆಯಿಂದ, ಸಹಕಾರದಿಂದ ನಡೆಯಬೇಕೆಂದೂ, ಹಳೆಯ ವೈರ ಮರೆತು ಸಾಮಾಜಿಕ ನ್ಯಾಯಕ್ಕಾಗಿ ಕೂಡಿ ದುಡಿಯಬೇಕೆಂದೂ ನಮ್ಮನ್ನು ಕೇಳಿಕೊಂಡಿತು. ಬಲಿಪೂಜೆಗೆ ನಾವು ನಮ್ಮ ದೇವಾಲಯಕ್ಕೇ ಹೋಗುತ್ತೇವೆ, ನಮಾಜಿಗೆ ಅವರು ತಮ್ಮ ಮಸೀದಿಗೆ ಹೋಗುತ್ತಾರೆ. ಬಾವಿ ತೊಳೆಯಲು ಮಾತ್ರ ಕೂಡುತ್ತೇವೆ. ಲಿಂಗಾಯತರಿಗೆ ದಾಸೋಹ, ಜೈನರಿಗೆ ಆಹಾರ-ಔಷಧ-ಶಾಸ್ತ್ರ-ಅಭಯವೆಂಬ ನಾಲ್ಕು ದಾನ, ಮುಸಲ್ಮಾನರಿಗೆ ಝಕಾತ್, ಸಿಖ್ಖರಿಗೆ ಲಂಗರ್, ಬೌದ್ಧರಿಗೆ ಕರುಣೆ. ಹೆಸರು ಬೇರೆಯಾದರೂ ಹಸಿದವನ ಮುಂದೆ ಬಡಿಸುವ ತಾಟು ಒಂದೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಬೇಕು. ಕಷ್ಟದಲ್ಲಿದ್ದವನಿಗೆ ಅನ್ನ ಕೊಟ್ಟು ಅವನ ಮತ ಕೊಳ್ಳುವ ಯೋಚನೆ ಯಾರಿಗೂ ಬರಬಾರದು. ಓಟು ಕೊಳ್ಳುವ ಯೋಚನೆಯೂ ಬರಬಾರದು. ನೆರವಿನ ಚೀಲದ ಮೇಲೆ ಯಾವ ಧರ್ಮದ, ಯಾವ ಪಕ್ಷದ ಗುರುತೂ ಬೇಡ. ಪಡೆಯುವವರ ಫೋಟೋ ತೆಗೆದು ಅವರನ್ನು ನಾಚಿಸಬೇಡಿ.

ನಾವು ಮಾಡಬಹುದಾದ ಕೆಲಸಗಳು

ಮಳೆಗೆ ಮುಂಚೆ:

1. ಪ್ರತಿಯೊಂದು ಸಮಾಜದಿಂದ ಇಬ್ಬರಂತೆ, ಅದರಲ್ಲಿ ಒಬ್ಬರು ಹೆಣ್ಣುಮಕ್ಕಳಿರುವಂತೆ, ಸಣ್ಣ ತಂಡ ಮಾಡಿಕೊಳ್ಳಿ. ಯಾರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ಯಾರ ಬಳಿ ಪಂಪು ಇದೆ, ಯಾರಿಗೆ ಈಜು ಬರುತ್ತದೆ, ಯಾರು ದಾದಿ ಅಥವಾ ಆಶಾ ಕಾರ್ಯಕರ್ತೆ ಎಂದು ಬರೆದಿಡಿ. ಈಜು ಬಾರದವರು, ತುಂಬಿ ಹರಿಯುವ ನೀರಿನ ಅನುಭವವಿಲ್ಲದವರು ದೋಣಿ ಹತ್ತಬೇಡಿ. ದೋಣಿಗೆ ಅದರ ಅಳತೆಗಿಂತ ಹೆಚ್ಚು ಜನ ಹತ್ತಿಸಬೇಡಿ.

2. ಮುದುಕರು, ಬಸುರಿಯರು, ಅಂಗವಿಕಲರು, ಒಂಟಿ ಹೆಂಗಸರು ಇರುವ ಮನೆಗಳನ್ನು ಮೊದಲೇ ಗುರುತಿಸಿ. ಜೊತೆಗೆ ಪಾಲಿಗೆ ಹೊಲ ಮಾಡುವವರು, ಕೂಲಿಯವರು, ಬಾಡಿಗೆ ಕೋಣೆಯವರು ಇವರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಹಾನಿಯಾದ ಮೇಲೆ ಪಟ್ಟಿ ಮಾಡಹೋದರೆ ಜಗಳವಾಗುತ್ತದೆ; ಮೊದಲೇ ಮಾಡಿದ ಪಟ್ಟಿ ಎಲ್ಲರಿಗೂ ಒಪ್ಪಿಗೆಯಾಗುತ್ತದೆ.

3. ದನಕರುಗಳಿಗೆ ಗಂಟಲುಬೇನೆ, ಚಪ್ಪೆಬೇನೆಗಳ ಲಸಿಕೆಯನ್ನು ಮಳೆ ಹಿಡಿಯುವ ಮುನ್ನ ಹಾಕಿಸಿ. ಪಶುವೈದ್ಯರನ್ನು ಒಂದೇ ದಿನ ಕರೆಸಿ ಇಡೀ ಊರಿನ ದನಗಳಿಗೆ ಹಾಕಿಸಿದರೆ ಯಾರ ಮನೆಯದೂ ಉಳಿಯುವುದಿಲ್ಲ.

4. ಬಸಿಗಾಲುವೆಗಳ ಹೂಳು ತೆಗೆಯಿರಿ. ನೀರು ಹಲವರ ಹೊಲ ದಾಟಿ ಹಳ್ಳ ಸೇರಬೇಕು. ಒಬ್ಬನು ಅಡ್ಡಗಟ್ಟಿದರೂ ಮೇಲಿನವರ ಹೊಲ ಕೆಡುತ್ತದೆ. ಇದು ಮುಯ್ಯಿಯಿಂದಲೇ ಆಗುವ ಕೆಲಸ.

ಪೂರ ಬಂದಾಗ:

5. ಅಡುಗೆ ಎಲ್ಲರೂ ಉಣ್ಣುವಂಥದ್ದಿರಲಿ. ಅನ್ನ, ಬೇಳೆಯ ಸಾರು, ರೊಟ್ಟಿ ಸಾಕು. ಜೈನರಲ್ಲಿ ಅನೇಕರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಗಡ್ಡೆಗೆಣಸು ತಿನ್ನುವುದಿಲ್ಲ. ಅವರಿಗೆ ಬೇಗ ಬಡಿಸಿ. ಉಪವಾಸ ಹಿಡಿದವರಿಗೆ ಅವರ ಹೊತ್ತಿಗೆ ತೆಗೆದಿಡಿ. ಇಷ್ಟು ಗಮನ ಕೊಟ್ಟರೆ ಅನ್ನಕ್ಕೆ ಗೌರವ ಕೂಡುತ್ತದೆ.

6. ಹೆಣ್ಣುಮಕ್ಕಳಿಗೆ ಸ್ನಾನಕ್ಕೆ, ಬಟ್ಟೆ ಬದಲಿಸಲಿಕ್ಕೆ ಮರೆಯಾದ ಜಾಗ, ರಾತ್ರಿ ಬೆಳಕು, ತಿಂಗಳ ಬಟ್ಟೆಯ ವ್ಯವಸ್ಥೆ ಇರಲಿ. ಇದನ್ನು ಹೆಣ್ಣುಮಕ್ಕಳ ಕೈಗೇ ಬಿಡಿ.

7. ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ಭೇದಿಯಾದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕಲಸಿ ಮತ್ತೆ ಮತ್ತೆ ಕುಡಿಸಿ. ಎಳೆಗೂಸಿಗೆ ತಾಯಿಯ ಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಉಚ್ಚೆ ನಿಂತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ತುರ್ತು ವಾಹನಕ್ಕೆ 108.

ನೀರು ಇಳಿದ ಮೇಲೆ:

8. ಬಾವಿಯ ಕೆಟ್ಟ ನೀರನ್ನು ಪಂಪಿನಿಂದ ಹೊರಹಾಕಿ, ಕೆಸರು ತೆಗೆದು, ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ. ಲೆಕ್ಕ ಹೀಗೆ: ಬಾವಿಯ ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಎಷ್ಟು ಲೀಟರ್ ಎಂದು ತಿಳಿಯುತ್ತದೆ (ಅಳತೆ ಮೀಟರಿನಲ್ಲಿರಬೇಕು). 3 ಮೀಟರ್ ಅಗಲ, 4 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 28,000 ಲೀಟರ್ ಇರುತ್ತದೆ. ಸಾಧಾರಣ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ ಎಂದರೆ ಈ ಬಾವಿಗೆ ಸುಮಾರು 70 ಗ್ರಾಂ. ಪೂರದ ನಂತರ ಹೆಚ್ಚು ಬೇಕಾಗುತ್ತದೆ. ಎಷ್ಟೆಂಬುದನ್ನು ಆರೋಗ್ಯ ಸಹಾಯಕರು ನೀರು ಪರೀಕ್ಷಿಸಿ ಹೇಳುತ್ತಾರೆ. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಹತ್ತು ನಿಮಿಷ ಸುಣ್ಣ ತಳಕ್ಕೆ ಕೂಡಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟಿಗೆ ಬಸಿದು ಬಾವಿಗೆ ಇಳಿಸಿ ಕದಡಿ. ಕನಿಷ್ಠ ಒಂದು ತಾಸು ಆ ನೀರನ್ನು ಮುಟ್ಟಬೇಡಿ.

9. ಇಲಿಜ್ವರದ ಬಗ್ಗೆ ಎಚ್ಚರವಿರಲಿ. ಇಲಿ, ದನಗಳ ಮೂತ್ರ ಬೆರೆತ ಕೆಸರಿನಿಂದ ಕಾಲಿನ ಸೀಳು, ಗಾಯಗಳ ಮೂಲಕ ಈ ರೋಗಾಣು ಮೈಯೊಳಗೆ ಹೋಗುತ್ತದೆ. ಕೆಸರು ಬಳಿಯುವವರು ರಬ್ಬರ್ ಬೂಟು, ಕೈಚೀಲ ಹಾಕಿಕೊಳ್ಳಲಿ. ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಂಡರೆ ಅಂಗಡಿಯ ಗುಳಿಗೆ ನುಂಗಿ ಕೂಡದೆ ಕೂಡಲೇ ವೈದ್ಯರ ಬಳಿಗೆ ಹೋಗಿ. ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಹೇಳಿ. ಮುಂಜಾಗ್ರತೆಯ ಗುಳಿಗೆಯನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಬಸುರಿಯರಿಗೂ ಸಣ್ಣ ಮಕ್ಕಳಿಗೂ ಅದು ಆಗುವುದಿಲ್ಲ. ಸ್ವಯಂಸೇವಕರೇ, ಈ ಮಾತು ಮೊದಲು ನಿಮಗೆ!

10. ಪೂರದ ನಂತರ ಹಾವುಗಳು ಮನೆ, ಕಟ್ಟಿಗೆಯ ರಾಶಿಗಳಲ್ಲಿ ಸೇರಿರುತ್ತವೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ಸರಕಾರಿ ಆಸ್ಪತ್ರೆಗೆ ಒಯ್ಯಿರಿ.

11. ಸತ್ತ ದನಗಳನ್ನು ಬಾವಿ, ಹೊಳೆಯಿಂದ ದೂರ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಈ ಕೆಲಸವನ್ನು ಒಂದೇ ಜಾತಿಯವರ ತಲೆಗೆ ಕಟ್ಟುವುದು ಅನ್ಯಾಯ. ಎಲ್ಲರೂ ಸರದಿಯಂತೆ ಕೈಹಚ್ಚಬೇಕು. ನಮ್ಮ ಸೇವೆ ನಿಜವೋ ತೋರಿಕೆಯೋ ಎಂಬುದು ಅನ್ನ ಬಡಿಸುವಾಗ ಅಲ್ಲ, ಈ ಗುಂಡಿ ತೋಡುವಾಗ ತಿಳಿಯುತ್ತದೆ.

12. ಹೊಲದಲ್ಲಿ ನಿಂತ ನೀರನ್ನು ಆದಷ್ಟು ಬೇಗ ಬಸಿಯಿರಿ. ಕಬ್ಬಿನ ಸುಳಿ ಜೀವಂತವಿದ್ದರೆ ಅದರಲ್ಲಿ ಸೇರಿದ ಕೆಸರನ್ನು ತೊಳೆದು ಉಳಿಸಿಕೊಳ್ಳಬಹುದು. ಸುಳಿ ಕೊಳೆತ ಕಬ್ಬು ಬೆಳೆಯುವುದಿಲ್ಲ. ಅದನ್ನು ಮೊದಲು ನುರಿಸಲು ಕಾರಖಾನೆಯವರನ್ನು ಎಲ್ಲರೂ ಕೂಡಿ ಕೇಳಬೇಕು. ಅರಿಷಿಣದ ಗಡ್ಡೆ ನಿಂತ ನೀರಿನಲ್ಲಿ ಬೇಗ ಕೊಳೆಯುತ್ತದೆ, ಅದರ ಹೊಲದ ನೀರನ್ನು ಮೊದಲು ಬಿಡಿಸಿ. ಬೆಳೆ ಪೂರ್ತಿ ಹೋದವರಿಗೆ ಹಿಂಗಾರಿನ ಜೋಳ, ಕಡಲೆಯ ಬೀಜವನ್ನು ಬೀಜ ಉಳಿದವರು ಕೊಡಲಿ, ಸುಗ್ಗಿಯಲ್ಲಿ ಅಳತೆಗೆ ಅಳತೆ ಮರಳಿ ಪಡೆಯಲಿ. ಬಡ್ಡಿ ಬೇಡ.

13. ಪಂಚನಾಮೆಯ ದಿನ ತಂಡದವರು ತಲಾಠಿಯವರ ಜೊತೆಗಿರಿ. ಪರಿಹಾರದ ಪಟ್ಟಿಯನ್ನು ಗ್ರಾಮಸಭೆಯಲ್ಲಿ, ನಮ್ಮಂಥ ಕಡೆ ವಾರ್ಡಿನ ಸಭೆ ಕೂಡಿಸಿ, ಎಲ್ಲರಿಗೂ ಕೇಳಿಸುವಂತೆ ಓದಿಸಿ. ಬಿಟ್ಟುಹೋದ ಹೆಸರು ಯಾರದೇ ಆಗಿರಲಿ, ಅದಕ್ಕಾಗಿ ಎಲ್ಲರೂ ಸಹಿಮಾಡಿ ಅರ್ಜಿ ಕೊಡಿ. ಪಾಲಿಗೆ ಕೊಟ್ಟ ಹೊಲದ ಒಡೆಯರು ನಮ್ಮ ಓದುಗರಲ್ಲೂ ಇದ್ದೀರಿ. ಪರಿಹಾರ ನಿಮ್ಮ ಖಾತೆಗೆ ಬಂದರೆ, ಬೀಜ ಗೊಬ್ಬರ ಹಾಕಿದವನ ಪಾಲನ್ನು ಕೇಳುವ ಮುನ್ನವೇ ಕೊಟ್ಟುಬಿಡಿ. ಕಾಯಿದೆ ಕೇಳದಿದ್ದರೂ ದೇವರು ಕೇಳುತ್ತಾರೆ.

ಕೊನೆಯ ಮಾತು

ಬಾಂಧವರೇ, ಮುಯ್ಯಿಯಲ್ಲಿ ಒಂದು ಸೊಗಸಿದೆ. ಇಂದು ನಾನು ಕೊಡುವವ, ನಾಳೆ ನಾನೇ ಪಡೆಯುವವ. ಆದ್ದರಿಂದ ಅದರಲ್ಲಿ ಕೊಟ್ಟವನಿಗೆ ಸೊಕ್ಕಿಲ್ಲ, ಪಡೆದವನಿಗೆ ನಾಚಿಕೆಯಿಲ್ಲ. ದಾನಕ್ಕೂ ಮುಯ್ಯಿಗೂ ಇರುವ ವ್ಯತ್ಯಾಸ ಇದೇ. ಪರಧರ್ಮದವರ ಮೇಲೆ ಉಪಕಾರ ಹೊರಿಸುವುದಕ್ಕೆ ನಾವು ಹೋಗಬಾರದು, ಮುಯ್ಯಾಳಾಗಿ ಹೋಗಬೇಕು. ಅವರು ನಮ್ಮ ಮನೆಗೆ ಬಂದಾಗಲೂ ಹಾಗೆಯೇ ಬರಮಾಡಿಕೊಳ್ಳಬೇಕು.

ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಮನೆಗೆ ಹೋಗುವ ದಾರಿಯಲ್ಲಿ ಬೇರೆ ಮತದ ಒಂದು ಮನೆಯ ಮುಂದೆ ನಿಂತು, ‘ಈ ಸಲ ಬಾವಿ, ಗಟಾರು ಕೂಡೇ ತೊಳೆಯೂಣ ಬರ್ರಿ’ ಎಂದು ಕರೆಯಿರಿ. ದೊಡ್ಡ ಸಭೆ, ಹಾರ-ತುರಾಯಿ ಏನೂ ಬೇಕಿಲ್ಲ. ಎರಡು ಸಲಿಕೆ, ಎರಡು ಬುಟ್ಟಿ ಇದ್ದರೆ ಸಾಕು. ಮೇಲೆ ಮೋಡ ಕಟ್ಟುವ ಮುನ್ನ ಈ ಕೆಲಸಕ್ಕೆ ಕೈಹಚ್ಚೋಣ. ದೇವರು ನಮ್ಮ ಹೊಲಗಳನ್ನೂ, ನಮ್ಮ ನೆರೆಹೊರೆಯವರ ಹೊಲಗಳನ್ನೂ ಹರಸಲಿ.